ಗುಂಗುರಿನ ಆಷಾಢ

ಮಳೆ ಬಿದ್ದ ಮಣ್ಣಿನ ವಾಸನೆ ಎಂದರೆ ಮೂಗು ಅರಳಿಸುತ್ತೀರಲ್ಲ, ಆ ವಾಸನೆಯನ್ನು ಒಂದು ಕೋಣೆಯೊಳಗೆ ಕೂಡಿಹಾಕಿ, ಅದರ ಪಕ್ಕದಲ್ಲೇ ಮಂಚ ಹಾಕಿಕೊಂಡು ಇಡೀ ಮಳೆಗಾಲ ಮಲಗಿ ನೋಡಿದ್ದೀರಾ? ಇಲ್ಲ ತಾನೆ? ಹಾಗಾದರೆ ಸುಮ್ಮನೆ ಕೂತು ಓದಿ.

ನಿನ್ನೆ ನಮ್ಮ ಅಂತರಸಂತೆಯಲ್ಲಿ ಈ ವರ್ಷದ ಮೊದಲ ಮಳೆ ಬಿತ್ತು. ಜಗಲಿಯ ಮೇಲಿದ್ದವರೆಲ್ಲ ಆಹಾ ಅಂದರು. ನಾನು ಮಾತ್ರ ಸೆರಗನ್ನು ಮೂಗಿಗೆ ಹಿಡಿದು ಕಣ್ಣಿನ ಮುಂದೆ ಕೈ ಬೀಸಿದೆ. ಅಲ್ಲೇನೂ ಇರಲಿಲ್ಲ. ಆದರೂ ಕೈ ತಾನಾಗಿ ಬೀಸಿತು. ಹೋದ ವರ್ಷದ ಆಷಾಢ ಕೈಯಲ್ಲಿ ಇನ್ನೂ ಉಳಿದಿದೆ.

ಹೋದ ವರ್ಷ ಮುಂಗಾರು ಹಿಡಿದ ಹೊಸದರಲ್ಲಿ ಕೊಟ್ಟಿಗೆಯೊಳಗೆ ಗಂಜಲದ ಮೇಲೆ ಕಾಲಿಟ್ಟೆ. ಹಸು ಇದ್ದಲ್ಲೇ ಇತ್ತು, ನಾನು ಜಾರಿ ಹೋದೆ. ಕಣಕಾಲಿನ ಮೂಳೆ ಮುರಿಯಿತು. ಊರಲ್ಲಿ ಜಮೀನು ನೋಡಿಕೊಳ್ಳುವ ದೊಡ್ಡ ಮಗನ ಮನೆಯಲ್ಲಿ ನನ್ನ ವಾಸ. ಬಿತ್ತನೆ ಕಾಲ, ಬೆಳಗಾದರೆ ಎಲ್ಲರೂ ಹೊಲದಲ್ಲಿ. ಅದಕ್ಕೇ ಚಿಕ್ಕ ಮಗ ಮಾದೇವ ನನ್ನನ್ನು ಹುಣಸೂರಿಗೆ ಕರೆದುಕೊಂಡು ಹೋದ. ಅವನು ಬಸ್ ಡ್ರೈವರ್. ಡಾಕ್ಟರಿಗೂ ಹತ್ತಿರ ಆಯ್ತದೆ ಅಂದ. ಅವನದು ಬಾಡಿಗೆಯ ಮಹಡಿ ಮನೆ. ಮೆಟ್ಟಿಲು ಹೊರಗಡೆ, ಮೇಲೆ ಸೂರಿಲ್ಲ, ಮಳೆಗೆ ಪಾಚಿ ಕಟ್ಟಿತ್ತು. ಅವನೂ ಅವನ ಜೊತೆಯ ಡ್ರೈವರುಗಳೂ ಸೇರಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು, ಚೌತಿ ಗಣಪತಿಯನ್ನು ತಂದ ಹಾಗೆ. ಗಣಪತಿಯನ್ನಾದರೂ ಬೇಗ ನೀರಿಗೆ ಬಿಡುತ್ತಾರೆ. ನನ್ನನ್ನು ಮೇಲೆ ಇಟ್ಟವರು ಇಳಿಸುವ ಮಾತೇ ಎತ್ತಲಿಲ್ಲ. ಕಾಲು ಕೂಡುವ ತನಕ ನೆಲಕ್ಕೆ ಊರಬೇಡಿ ಎಂದಿದ್ದರು ಡಾಕ್ಟರು.

ಮನೆಯ ಮುಂದಿನ ಹಾಲಿನಲ್ಲಿ ಕಿಟಕಿಯ ಪಕ್ಕ ನನ್ನ ಮಂಚ. ಕಿಟಕಿಯಾಚೆ ರಾಗಿ ಮಿಲ್ಲಿನ ತಗಡಿನ ಮಾಡು, ಅದರ ಮೇಲೆ ಒಂದು ಕರೆಂಟ್ ತಂತಿ, ತಂತಿಯ ಮೇಲೆ ನೆನೆದ ಕಾಗೆ. ಆಕಾಶ ಕಾಣಬೇಕಾದರೆ ಕತ್ತು ಮುರಿಯಬೇಕು, ಕಾಲು ಮುರಿದಿದ್ದೇ ಸಾಕು ಅಂತ ಸುಮ್ಮನಿದ್ದೆ. ಮಾದೇವ ಡ್ಯೂಟಿಯ ಮೇಲೆ ದೊಡ್ಡ ರಸ್ತೆಯಲ್ಲಿ ಹೋಗುವಾಗ ನನಗೆಂದೇ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಆ ಬಸ್ಸು ಊರಿಂದ ಊರಿಗೆ ಓಡುತ್ತಿತ್ತು. ನನ್ನ ಓಡಾಟ ಮಂಚದಿಂದ ಬಚ್ಚಲಿನವರೆಗೆ, ಅದೂ ಸೊಸೆಯ ಭುಜ ಹಿಡಿದು.

ಆ ಹಾಲಿನಲ್ಲಿ ನಾನೊಬ್ಬಳೇ ಸೆರೆಯಲ್ಲಿರಲಿಲ್ಲ. ಗೋಡೆಯುದ್ದಕ್ಕೂ, ಟಿ.ವಿ. ಕೆಳಗೆ, ನನ್ನ ಮಂಚದ ಕಾಲ ಹತ್ತಿರ, ಎಲ್ಲಿ ನೋಡಿದರೂ ಅಂಗೈಯಗಲದ ಸಣ್ಣ ಸಣ್ಣ ಕುಂಡಗಳು. ಸೊಸೆ ಸವಿತಳವು. ಮನೆಯೊಳಗೆ ಇಟ್ಟುಕೊಳ್ಳುವ ಗಿಡ ಬೆಳೆಸಿ ಮಾರುವುದಕ್ಕೆ ಅವಳು ಆಗಷ್ಟೇ ಕೈ ಹಾಕಿದ್ದಳು. ಬಿಸಿಲುಗಾಲದಲ್ಲಿ ತಾರಸಿಯ ಮೇಲಿದ್ದವು. ಮಳೆ ಹಿಡಿದ ಮೇಲೆ ಕೊಳೆಯುತ್ತವೆ ಎಂದು ಒಳಗೆ ತಂದಿದ್ದಳು. ನನಗೆ ನಗು. ಹೊಲದವರ ಮನೆಯ ಸೊಸೆ ಬಟ್ಟಲಲ್ಲಿ ಮಣ್ಣು ಹಾಕಿ ಮಾರುವುದೆಂದರೆ!

"ಎಲ್ಲಾ ಸರಿ ಕಣವ್ವ, ಇದ್ರಲ್ಲಿ ಕಾಯಿ ಬಿಡ್ತದಾ, ಹಣ್ಣು ಬಿಡ್ತದಾ?" ಅಂದೆ.

"ನೋಡಾಕೆ ಚೆಂದ ಅತ್ತೆ."

"ನೋಡ್ತಾ ಕುಂತ್ರೆ ಹೊಟ್ಟೆ ತುಂಬ್ತದಾ?"

"ನಿಮ್ಮನ್ನೂ ನೋಡ್ತಾ ಕುಂತಿದ್ದೀನಲ್ಲ, ನಾನೇನಾದ್ರೂ ಕೇಳಿದ್ನಾ?" ಅಂದು ಒಳಗೆ ಹೋದಳು. ಮಾತಿಗೆ ಮಾತು ಕೊಡುವುದರಲ್ಲಿ ಅವಳು ನನ್ನ ಸೊಸೆಯೇ.

ನಗು ನಿಂತದ್ದು ಒಂದು ಫೋನು ಬಂದ ದಿನ. ಸವಿತಳ ತವರು ಪಿರಿಯಾಪಟ್ಟಣದ ಕಡೆ. ಮದುವೆಗೆ ಮುಂಚೆಯೂ ಆಮೇಲೂ ಮಳೆಗಾಲ ಬಂತೆಂದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇರುವವರ ಮನೆಗೆ ಸೊಪ್ಪು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಹಸಿ ಎಲೆ ಕಡ್ಡಿಗೆ ಕಟ್ಟಿ ಕಟ್ಟಿ ಕೈಯೆಲ್ಲ ಕಪ್ಪು ಅಂಟು, ಸಂಜೆಗೆ ತಲೆಸುತ್ತು, ವಾಂತಿ. ಆಳು ಕರೆಯುವ ಹೆಂಗಸು ಫೋನಿನಲ್ಲಿ ಕೇಳುತ್ತಿದ್ದದ್ದು ನನಗೂ ಕೇಳಿಸಿತು. "ಈ ಸಲ ಬತ್ತೀಯೋ ಇಲ್ವೋ ಒಂದ್ ಮಾತು ಏಳ್ಬುಡು."

"ಶ್ರಾವಣದಲ್ಲಿ ಏಳ್ತೀನಕ್ಕ. ಒಂದು ಗಿಡದ ಆರ್ಡರ್ ಐತೆ. ಅದು ಸರಿಯಾಗಿ ಓದ್ರೆ ನಾನು ಬರಾಕಿಲ್ಲ. ಓಗ್ಲಿಲ್ಲ ಅಂದ್ರೆ..." ಅಂದು ನಿಲ್ಲಿಸಿದಳು. ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡಳು.

ಆರ್ಡರ್ ಕೊಟ್ಟವರು ಕೆ.ಆರ್. ನಗರದ ಒಬ್ಬ ಮೇಡಂ. ಶ್ರಾವಣದಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. ಬಂದ ಹೆಂಗಸರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಗಿಡ ಕೊಡುತ್ತಾರಂತೆ. ಸವಿತಳ ಮೊದಲ ದೊಡ್ಡ ಆರ್ಡರ್ ಅದು. ಅಷ್ಟು ಜನರ ಕೈ ಸೇರಿದರೆ ಆಮೇಲೆ ಕೇಳಿಕೊಂಡು ತಾವೇ ಬರುತ್ತಾರೆ ಎನ್ನುವುದು ಅವಳ ಲೆಕ್ಕ. ಅವತ್ತಿನಿಂದ ಬಟ್ಟಲು, ಮಣ್ಣು ಎಂದು ನಾನು ಆಡಿಕೊಳ್ಳುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಕಮ್ಮಿ ಮಾಡಿದೆ.

ಅದೇ ಹೊತ್ತಿಗೆ ಅವು ಬಂದವು.

ಸಾಸಿವೆಗಿಂತ ಸಣ್ಣ ಕಪ್ಪು ನೊಣಗಳು. ನಮ್ಮ ಕಡೆ ಇಂಥವನ್ನೆಲ್ಲ ಗುಂಗುರು ಅನ್ನುತ್ತೇವೆ. ಕಚ್ಚುವುದಿಲ್ಲ. ಕಚ್ಚಿದ್ದರೆ ಬೈಯುವುದಕ್ಕೊಂದು ಕಾರಣವಾದರೂ ಇರುತ್ತಿತ್ತು. ಸುಮ್ಮನೆ ಮುಖದ ಮುಂದೆ ಓಲಾಡುತ್ತವೆ, ಮೂಗಿನೊಳಗೆ ಇಣುಕುತ್ತವೆ, ಕಾಫಿ ಲೋಟದಲ್ಲಿ ಬಿದ್ದು ಸಾಯುತ್ತವೆ. ನಡೆಯುವವರು ಎದ್ದು ಆಚೆ ಹೋಗಬಹುದು. ನಾನೆಲ್ಲಿಗೆ ಹೋಗಲಿ? ಕಾಲಿಗೆ ಪ್ಲಾಸ್ಟರು, ಮುಖಕ್ಕೆ ಗುಂಗುರು. ಮಳೆ ಒಳಗೆ ಬರುತ್ತದೆಂದು ಕಿಟಕಿಯನ್ನೂ ಮುಚ್ಚಿದ್ದರು.

ಕೆಳಗಿನ ಮನೆಯಲ್ಲಿರುವ ಓನರ್ ಹೆಂಡತಿ ರತ್ನಮ್ಮ ನನ್ನನ್ನು ನೋಡುವುದಕ್ಕೆಂದು ಬಂದರು. ಕೈ ಬೀಸುತ್ತಲೇ ಕೂತು, ಸವಿತಳ ಕಡೆ ತಿರುಗಿ ಮೆಲ್ಲಗೆ, ಅಂದರೆ ನನಗೆ ಕೇಳಿಸುವಷ್ಟು ಮೆಲ್ಲಗೆ, "ಮಲಗಿದ್ದ ಕಡೆ ಮಲಗಿರೋರು ಮನೇಲಿದ್ರೆ ಇವೆಲ್ಲಾ ಬತ್ತವೆ ಕಣಮ್ಮ. ಬಟ್ಟೆ ಬರೆ ಬಿಸಿನೀರಲ್ಲಿ ಒಗಿ" ಅಂದರು.

ಮರುದಿನ ನನ್ನ ದುಪ್ಪಟಿ ಬಿಸಿನೀರಿಗೆ ಬಿತ್ತು. ಸಾಂಬ್ರಾಣಿ ಹೊಗೆ ಎದ್ದಿತು. ನನ್ನ ಸೀರೆಯ ನೆರಿಗೆಯನ್ನು ನಾನೇ ಮೂಸಿ ನೋಡಿಕೊಂಡೆ. ಅಷ್ಟು ವರ್ಷ ಸಗಣಿ ಗಂಜಲದಲ್ಲಿ ಓಡಾಡಿದವಳು ಯಾವತ್ತೂ ನನ್ನ ಮೈಯನ್ನು ನಾನು ಮೂಸಿ ನೋಡಿಕೊಂಡಿರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ. ಗುಂಗುರು ಆ ಕಡೆಯೂ ಬಂತು.

ಎಷ್ಟು ಹೊತ್ತು ಗೋಡೆ ನೋಡುವುದು? ತಿರುಗಿ ಕುಂಡ ನೋಡತೊಡಗಿದೆ. ನೋಡುವುದೇ ಕೆಲಸವಾದವರಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಊರುಗೋಲಿನಿಂದ ಒಂದು ಕುಂಡಕ್ಕೆ ಮೆಲ್ಲಗೆ ತಟ್ಟಿದರೆ ಮಣ್ಣಿನ ಮೇಲಿಂದ ನಾಲ್ಕಾರು ಏಳುತ್ತಿದ್ದವು. ಬಾಳೆಹಣ್ಣಿನ ಬುಟ್ಟಿಗೆ ತಟ್ಟಿದರೆ ಒಂದೂ ಇಲ್ಲ. ನನ್ನ ದುಪ್ಪಟಿ ಕೊಡವಿದರೆ ಒಂದೂ ಇಲ್ಲ. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ತರಿಸಿ, ಸಣ್ಣದೊಂದು ಗಿಡದ ಮೇಲೆ ಬೋರಲು ಹಾಕಿ, ಸುತ್ತ ಬಟ್ಟೆ ತುರುಕಿದೆ. ಸವಿತ ಏನೆಂದು ಕೇಳಿದರೆ ಚಳಿ ಆಗದಿರಲಿ ಅಂತ ಅಂದೆ. ಕೆಲವು ದಿನ ಕಳೆದ ಮೇಲೆ ಬಾಟಲಿಯೊಳಗೆ ಗಾಜಿಗೆ ಅಂಟಿಕೊಂಡು ಗುಂಗುರು ಓಡಾಡುತ್ತಿತ್ತು. ಸವಿತಳನ್ನು ಕರೆದೆ.

"ನೋಡವ್ವ ತಾಯಿ. ನಾನೇನಾದ್ರೂ ಈ ಬಾಟ್ಲಿ ಒಳೀಕೆ ಓಗಿ ಮಲಗಿ ಬಂದಿದ್ನಾ?"

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖ ಸಣ್ಣಗಾಯಿತು. ನಾನು ಗೆದ್ದಿದ್ದೆ, ಆದರೆ ಗೆದ್ದ ಖುಷಿ ಬರಲಿಲ್ಲ. ಗುಂಗುರು ನನ್ನದಾಗಿದ್ದರೆ ನನ್ನನ್ನು ಊರಿಗೆ ಕಳಿಸಿ ಮುಗಿಸಬಹುದಿತ್ತು. ಮಣ್ಣಿನದಾದರೆ, ಗೃಹಪ್ರವೇಶಕ್ಕೆ ಬಂದವರ ಮಡಿಲಿಗೆ ಗಿಡದ ಜೊತೆ ನೊಣವನ್ನೂ ಕೊಟ್ಟ ಹಾಗೆ.

"ಬರೀ ಕೊಟ್ಟಿಗೆ ಗೊಬ್ಬರ ಹಾಕಿದ್ದೆ ಅತ್ತೆ. ಸರಿಯಾಗಿ ಕಳಿತಿರ್ನಿಲ್ಲ ಅನ್ನುಸ್ತದೆ" ಅಂದಳು. ಗೊಬ್ಬರ ಹೋದದ್ದು ನಮ್ಮ ಕೊಟ್ಟಿಗೆಯಿಂದಲೇ. ಅಂದರೆ ಗುಂಗುರೂ ನನ್ನ ಹಾಗೆಯೇ, ಅಂತರಸಂತೆಯಿಂದ ಬಸ್ಸಿನಲ್ಲಿ ಬಂದು ಮಹಡಿ ಹತ್ತಿ ಸಿಕ್ಕಿಹಾಕಿಕೊಂಡಿತ್ತು.

ಶುರುವಾಯಿತು ಯುದ್ಧ. ಮಾದೇವ ಸೊಳ್ಳೆಗೆ ಹೊಡೆಯುವ ಸ್ಪ್ರೇ ತಂದು ಹಾಲಿನ ತುಂಬ ಹೊಡೆದ. ಹೊಡೆದು, "ನಡೀರಿ ಎಲ್ಲಾ ಆಚ್ಗೆ" ಅಂದ. ಎಲ್ಲರೂ ಆಚೆ ಹೋದರು. ಎಲ್ಲರೂ ಎಂದರೆ ನಡೆಯಬಲ್ಲವರು.

"ಲೇ ಮಾದೇವ! ನಾನೂ ಗುಂಗ್ರಾ?" ಎಂದು ಕೂಗಿದೆ. ಓಡಿ ಬಂದು ನನ್ನನ್ನು ಮಂಚದ ಸಮೇತ ಅಡುಗೆಮನೆ ಬಾಗಿಲಿಗೆ ಎಳೆದ. ಹಾರುತ್ತಿದ್ದವು ಸತ್ತವು. ಮಣ್ಣಿನೊಳಗಿದ್ದ ಮರಿಗಳು ದೊಡ್ಡವಾಗಿ ಮತ್ತೆ ಎದ್ದು ಬಂದವು.

ಆಗ ನಾನೊಂದು ಮದ್ದು ಹೇಳಿದೆ. "ಕಡ್ಡಿಪುಡಿ ನೆನ್ಸಿ ಆ ನೀರು ಹಾಕವ್ವ. ಹುಳ ಅನ್ನೋದು ಇರಾಕಿಲ್ಲ." ಹುಳ ಸಾಯುವುದು ನಿಜ. ಎಲೆ ಅಡಿಕೆಯ ಜೊತೆ ನಾನು ದಿನಾ ಹಾಕುತ್ತಿದ್ದ ಹೊಗೆಸೊಪ್ಪಿನ ಕಡ್ಡಿಪುಡಿಯನ್ನು, ಮೂಳೆ ಕೂಡುವುದಿಲ್ಲ ಎಂದು ಡಾಕ್ಟರು ಬಿಡಿಸಿದ್ದರು ಎನ್ನುವುದೂ ನಿಜ. ಎರಡು ನಿಜ ಸೇರಿದರೆ ಒಂದು ಪೊಟ್ಟಣ ಮನೆಗೆ ಬರುತ್ತದೆ ಎಂದುಕೊಂಡಿದ್ದೆ.

ಸವಿತ ನನ್ನ ಮುಖ ನೋಡಿದಳು. "ಆ ಸೊಪ್ಪಿನ ವಾಸನೆ ಬ್ಯಾಡ ಅಂತಾನೇ ಈ ಗಿಡ ಹಿಡ್ದಿದೀನಿ ಅತ್ತೆ. ಅದ್ನ ತಂದು ಇದ್ಕೇ ಉಯ್ಯಲಾ?" ಅಂದಳು.

ಫೋನಿನಲ್ಲಿ ನೋಡಿ ಅವಳೇ ಎರಡು ದಾರಿ ಹುಡುಕಿದಳು. ಗುಂಗುರಿಗೆ ಹಳದಿ ಬಣ್ಣ ಕಂಡರೆ ಆಸೆಯಂತೆ, ಹಳದಿ ಹಾಳೆಗೆ ಅಂಟು ಬಳಿದು ಕುಂಡದಲ್ಲಿ ನೆಟ್ಟರೆ ತಾವಾಗಿ ಬಂದು ಅಂಟಿಕೊಳ್ಳುತ್ತವೆ. ಮತ್ತೊಂದು, ಮೇಲಿನ ಮಣ್ಣು ಒಣಗಬೇಕು. ಒದ್ದೆ ಇದ್ದರೇ ಮರಿ ಬದುಕುವುದು. ನೀರು ನಿಲ್ಲಿಸಿದರೆ ಅವುಗಳ ವಂಶ ನಿಲ್ಲುತ್ತದೆ.

ಹಳದಿ ಹಾಳೆ ಎಲ್ಲಿದೆ? ನಾನೇ ತೋರಿಸಿದೆ. ಗೋಡೆಯ ಮೊಳೆಗೆ ಹಳೆಯ ಲಗ್ನಪತ್ರಿಕೆಗಳ ಕಟ್ಟು ನೇತು ಹಾಕಿದ್ದರು, ಅದರಲ್ಲಿ ಒಂದೇ ಥರದ ಹಳದಿಯವೇ ಒಂದು ಹಿಡಿ ಇದ್ದವು. ಅವನ್ನು ಕತ್ತರಿಸಿ, ಹರಳೆಣ್ಣೆ ಬಳಿದು, ಕಡ್ಡಿಪೊರಕೆಯ ಕಡ್ಡಿಗೆ ಸಿಕ್ಕಿಸಿ ಕುಂಡಗಳಲ್ಲಿ ನೆಟ್ಟೆವು. ಸಂಜೆಯೊಳಗೆ ಕರಿ ಎಳ್ಳು ಚೆಲ್ಲಿದ ಹಾಗೆ ಗುಂಗುರು ಅಂಟಿಕೊಂಡವು. ನನಗಂತೂ ಎಣಿಸುವುದೇ ಹಬ್ಬ.

ರತ್ನಮ್ಮ ಬಂದರು. ಕನ್ನಡಕ ಏರಿಸಿ ಬಗ್ಗಿ ಓದಿದರು. ಓದಿದ್ದು ಅವರ ಮಗಳ ಹೆಸರು.

"ಏನಜ್ಜಿ ಇದು! ನನ್ ಮಗಳ ಲಗ್ನಪತ್ರಿಕೆ ಮೇಲೆ ನೊಣ ಸಾಯಿಸ್ತಿದ್ದೀರಾ!"

ಮದುವೆಗೆ ಹಂಚಿ ಉಳಿದ ಪತ್ರಿಕೆಗಳನ್ನು ಸವಿತಳಿಗೆ ಅವರೇ ಕೊಟ್ಟಿದ್ದರಂತೆ, ಬೇರೆ ಏನಕ್ಕಾದರೂ ಆಗುತ್ತವೆ ಎಂದು. ಇದಕ್ಕೆ ಆಗುತ್ತವೆ ಎಂದು ಅವರಿಗಾದರೂ ಹೇಗೆ ಗೊತ್ತಿರಬೇಕು? ಸವಿತ ಕೈ ಮುಗಿದಳು. ನಾನು ಸಮಾಧಾನ ಮಾಡಲು ಹೋದೆ. "ಮದ್ವೆಗೆ ಇಷ್ಟು ಜನ ಬಂದಿದ್ರಾ ರತ್ನಮ್ಮ? ನೋಡಿ, ಒಬ್ರೂ ಎದ್ದು ಓಯ್ತಾ ಇಲ್ಲ."

ಆ ಮಾತು ಬೇಡವಾಗಿತ್ತು. "ಆಷಾಢ ಕಳೀಲಿ. ಆಮೇಲೂ ಒಂದು ನೊಣ ಕೆಳಗೆ ನಮ್ಮನೆಗೆ ಬಂದ್ರೂ ಗಿಡಾನೆಲ್ಲಾ ರೋಡಿಗೆ ಮಡಗುಸ್ತೀನಿ" ಎಂದು ರತ್ನಮ್ಮ ಮೆಟ್ಟಿಲಿಳಿದರು. ಎಷ್ಟು ಸಲೀಸಾಗಿ ಇಳಿದರು! ಅವರ ಕೋಪಕ್ಕಿಂತ ಆ ಕಾಲುಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಹಾಳೆಗೆ ದಿನಾ ಅಂಟುತ್ತಿದ್ದವು, ದಿನಾ ಹೊಸವು ಏಳುತ್ತಿದ್ದವು. ಸವಿತ ನೀರು ನಿಲ್ಲಿಸಿದ್ದಳು. ಆದರೂ ಬಾಗಿಲ ಹತ್ತಿರದ, ನನ್ನ ಮಂಚದ ಹತ್ತಿರದ ಕುಂಡಗಳು ಒದ್ದೆ. ಬೆರಳು ಅದ್ದಿ ನೋಡಿ ನನ್ನ ಕಡೆ ತಿರುಗಿದಳು.

"ಅತ್ತೆ, ನೀವು ನೀರು ಹಾಕ್ತಿದ್ದೀರಾ?"

"ನಾನು ಬಚ್ಚಲಿಗೆ ಓಗಬೇಕಾದ್ರೂ ನಿನ್ನ ಕೂಗ್ಬೇಕು. ನೀರು ಎತ್ಕೊಂಡು ತೋಟ ಸುತ್ತಾಕಾಯ್ತದಾ?" ಅಂದೆ. ಸಿಟ್ಟು ಬಂತು. ಕಳ್ಳನನ್ನು ಹಿಡಿದೇ ತೀರಬೇಕೆಂದು ಕಾದು ಕೂತೆ.

ಕಳ್ಳ ಒಬ್ಬನಲ್ಲ, ನನ್ನನ್ನು ನೋಡಲು ಬಂದವರೆಲ್ಲರೂ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಚೊಂಬಿನಲ್ಲಿ ನೀರು ಕೊಡುತ್ತೇವೆ. ಅರ್ಧ ಕುಡಿಯುತ್ತಾರೆ. ಉಳಿದದ್ದನ್ನು ಚೆಲ್ಲಿ ಹಾಳು ಮಾಡುವುದಿಲ್ಲ, ಅಂಗಳದ ತುಳಸಿಗೋ ತೆಂಗಿನ ಬುಡಕ್ಕೋ ಹಾಕುತ್ತಾರೆ. ಮಹಡಿ ಮನೆಯಲ್ಲಿ ಅಂಗಳ ಎಲ್ಲಿ? ಕೈಗೆ ಸಿಕ್ಕ ಕುಂಡವೇ ತುಳಸಿ, ಅದೇ ತೆಂಗು. ನಮ್ಮ ಊರಿನವರು, ಎನ್. ಬೇಗೂರಿನ ನೆಂಟರು, ಮಾದೇವನ ಜೊತೆಯವರು, ಬಂದವರೆಲ್ಲ ನನ್ನ ಕಾಲು ನೋಡಿ ಅಯ್ಯೋ ಅನ್ನುವುದು, ಚೊಂಬು ಬಗ್ಗಿಸುವುದು. ಸವಿತ ನೀರು ನಿಲ್ಲಿಸಿದ ಮೇಲೆ ಗಿಡ ಸ್ವಲ್ಪ ಬಾಡಿತ್ತಲ್ಲ, ಇನ್ನೂ ಅನುಕೂಲವಾಯಿತು. "ಪಾಪ, ಮುದುಕೀನ ನೋಡ್ಕಳದ್ರಲ್ಲಿ ಗಿಡ ಒಣಗಿಸ್ಬುಟ್ಟವ್ರೆ" ಎಂದು ಪೂರ್ತಿ ಚೊಂಬನ್ನೇ ಸುರಿಯುವವರು ಹುಟ್ಟಿಕೊಂಡರು. ರತ್ನಮ್ಮನೂ ಅಷ್ಟೇ! ಮುನಿಸು ಇಳಿದ ಮೇಲೆ ಮತ್ತೆ ಬಂದವರು, ಮಾತಾಡುತ್ತಾ ತಮ್ಮ ಲೋಟದ ನೀರನ್ನು ನನ್ನ ಕಣ್ಣೆದುರಿಗೇ ಕುಂಡಕ್ಕೆ ಹಾಕಿದರು.

ಏನು ಮಾಡುವುದು? ಬಂದವರಿಗೆ ನೀರು ಕೊಡದೆ ಇರುವಂತಿಲ್ಲ. ಹಾಕಬೇಡಿ ಎಂದರೆ, ಪಟ್ಟಣದ ಸೊಸೆ ಒಂದು ತೊಟ್ಟು ನೀರಿಗೂ ಮಾತಾಡುತ್ತಾಳೆ ಎಂದು ಸಂತೆಯಲ್ಲಿ ಸುದ್ದಿಯಾಗುತ್ತದೆ. ಯಾರೂ ಬರಬೇಡಿ ಎಂದರೆ, ಆ ಗೋಡೆ, ಆ ತಗಡು, ಆ ಕಾಗೆಯ ಜೊತೆ ನಾನೊಬ್ಬಳೇ. ಇದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿಕೊಳ್ಳಲೇ?

ಆವತ್ತು ಆಷಾಢ ಶುಕ್ರವಾರ. ನನ್ನ ಓರಗಿತ್ತಿ ಜವರಮ್ಮ ಊರಿನಿಂದ ಬಂದಿದ್ದಳು. ನನ್ನ ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ನೀರು ಕುಡಿದು ಚೊಂಬು ಬಗ್ಗಿಸಿದಳು, ನನ್ನ ಬಾಯಿಂದ ಅದೆಲ್ಲಿಂದ ಬಂತೋ ಬಂತು.

"ಲೇ, ತಡಿ! ಆ ಗಿಡಗಳು ಉಪವಾಸ ಅವೆ ಕಣ್ಲೇ!"

ಜವರಮ್ಮನ ಕೈ ಅಲ್ಲೇ ನಿಂತಿತು. "ಗಿಡಕ್ಕೂ ಉಪವಾಸ್ವಾ?"

"ನನ್ ಕಾಲು ಕೂಡ್ಲಿ ಅಂತ ತಾಯಿಗೆ ಹರಕೆ. ಆಷಾಢ ಮುಗಿಯೋಗಂಟ ಈ ಗಿಡಕ್ಕೆ ಯಾರೂ ನೀರು ಹಾಕಂಗಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಸವಿತ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಜವರಮ್ಮ ಚೊಂಬನ್ನು ಮೆಲ್ಲಗೆ ಕೆಳಗಿಟ್ಟು, ಕುಂಡಗಳಿಗೆ ಕೈ ಮುಗಿದು, ಆಮೇಲೆ ನನ್ನನ್ನು ದಿಟ್ಟಿಸಿದಳು.

"ಹರಕೆ ನಿಂದು, ಉಪವಾಸ ಗಿಡದ್ದಾ? ನೀನೇನ್ ಬುಟ್ಟಿದ್ದೀಯಕ್ಕ?"

ಸಿಕ್ಕಿಬಿದ್ದೆ. ಊಟ ಎನ್ನುವ ಹಾಗಿಲ್ಲ, ಆಗ ತಾನೆ ಮುದ್ದೆ ಉಂಡು ಕೈ ತೊಳೆದಿದ್ದೆ. "ಕಡ್ಡಿಪುಡಿ" ಅಂದೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಏಕೆಂದರೆ ಡಾಕ್ಟರು ಬಿಡಿಸಿದ ದಿನದಿಂದ ವೀಳ್ಯದೆಲೆಯ ಮಡಿಕೆಯಲ್ಲಿಟ್ಟು, ಸವಿತಳಿಗೆ ಕಾಣದಂತೆ, ಬಂದಾಗಲೆಲ್ಲ ನನಗೆ ಒಂಚೂರು ಕಡ್ಡಿಪುಡಿ ತಂದು ಕೊಡುತ್ತಿದ್ದವಳೇ ಜವರಮ್ಮ. ಅವತ್ತೂ ಅವಳ ಸೊಂಟದಲ್ಲಿ ಪೊಟ್ಟಣ ಇತ್ತು. ಸೊಂಟ ಮುಟ್ಟಿ ನೋಡಿಕೊಂಡು, "ಅಂಗಾರೆ ಇದ್ನ ವಾಪಸ್ ತಗೊಂಡೋಯ್ತೀನಿ ಬುಡು. ಹರಕೆ ಮುರಿದ ಪಾಪ ನಂಗ್ಯಾಕೆ" ಎಂದು ಎದ್ದೇಬಿಟ್ಟಳು. ಸವಿತ ಅದನ್ನೂ ಕೇಳಿಸಿಕೊಂಡಳು. ಅವಳ ಬಾಯಿಂದ ಸೆರಗು ಬಿತ್ತು.

ಹೀಗೆ ನನ್ನ ಸೆರೆಗೆ ನಾನೇ ಇನ್ನೊಂದು ಗೋಡೆ ಕಟ್ಟಿಕೊಂಡೆ. ಸುದ್ದಿ ಊರೆಲ್ಲ ಹಬ್ಬಿತು. ಬಂದವರು ನೀರು ಹಾಕುವುದು ನಿಂತಿತು. ಗಿಡಗಳಿಗೆ ಅರಿಶಿನ ಕುಂಕುಮ ಬಿತ್ತು. ಕಾಲು ಮುರಿದವಳನ್ನು ಬಿಟ್ಟು ಕುಂಡಗಳನ್ನು ಮಾತಾಡಿಸುವವರು ಬಂದರು. ನಾನು ಒಣ ಅಡಿಕೆ ಜಗಿಯುತ್ತಾ ಕೂತೆ. ಬಾಯಿಗೆ ರುಚಿ ಇಲ್ಲ, ಕಣ್ಣಿಗೆ ಬೆಳಕಿಲ್ಲ, ಮಳೆ ಬಿಡುವುದಿಲ್ಲ. ನನ್ನ ಚಡಪಡಿಕೆ ನೋಡಲಾರದೆ ಸವಿತ ತನ್ನ ಹಳೇ ಫೋನು ಕೊಟ್ಟು, ಅಕ್ಷರ ಒತ್ತುವುದನ್ನು ಹೇಳಿಕೊಟ್ಟಳು. ನಾನು ಮೊದಲು ಬರೆದ ಮಾತು ಮಾದೇವನಿಗೆ: ಬರುವಾಗ ಮರಳು ತಾ.

ಮರಳಿನ ಉಪಾಯ ಸವಿತಳದು. ಒಣಗಿದ ಮಣ್ಣಿನ ಮೇಲೆ ಒಂದು ಬೆರಳು ದಪ್ಪ ಮರಳು ಹಾಸಿದರೆ ಗುಂಗುರಿಗೆ ಮೊಟ್ಟೆ ಇಡಲು ದಾರಿ ಇಲ್ಲ, ಒಳಗಿನದಕ್ಕೆ ಏಳಲು ದಾರಿ ಇಲ್ಲ. ಮನೆ ಕಟ್ಟುತ್ತಿದ್ದ ಪರಿಚಯದವರ ಹತ್ತಿರ ಕೇಳಿ ಮಾದೇವ ಚೀಲದಲ್ಲಿ ತಂದ. ಒದ್ದೆ ಮರಳು. ಬಿಸಿಲೆಲ್ಲಿದೆ? ಸವಿತ ಬಾಂಡಲಿಯಲ್ಲಿ ಹಾಕಿ ಒಲೆಯ ಮೇಲೆ ಹುರಿದಳು, ಕಡಲೆಕಾಯಿ ಹುರಿದ ಹಾಗೆ. ನಾನು ಮಂಚದ ಮೇಲೆ ಜರಡಿ ಹಿಡಿದು ಕೂತೆ. ಎಷ್ಟೋ ವಾರಗಳ ಮೇಲೆ ನನ್ನ ಕೈಗೆ ಕೆಲಸ ಸಿಕ್ಕಿತ್ತು. ರಾಗಿ ಜರಡಿ ಹಿಡಿದ ಭುಜಗಳಿಗೆ ಎಲ್ಲಾ ನೆನಪಿತ್ತು. ಒಂದೊಂದೇ ಕುಂಡ ನನ್ನ ಮಡಿಲಿಗೆ ಬಂತು, ಒಂದೊಂದಕ್ಕೂ ಬಿಸಿ ಮರಳು ಆರಿಸಿ ಹಾಸಿದೆವು.

"ಬ್ಯಾರನ್ನಲ್ಲಿ ನಂಗೆ ವಾಂತಿ ಆದಾಗ ಯಾರೂ ಕುಂತ್ಕೊ ಅಂತಿರ್ನಿಲ್ಲ ಅತ್ತೆ" ಎಂದಳು ಸವಿತ, ಮರಳು ಸುರಿಯುತ್ತಾ. "ಬಾಯಿ ತೊಳ್ಕೊಂಡು ಬಂದು ಕಟ್ಟು ಅಂತಿದ್ರು."

ನಾನು ಜರಡಿ ಜೋರಾಗಿ ಆಡಿಸಿದೆ.

ಗಿಡ ಸಾಯಬಾರದಲ್ಲ, ಅದಕ್ಕೂ ದಾರಿ ಇತ್ತು. ಕುಂಡದ ತಳದ ತೂತಿನಿಂದ ನೀರು ಹೀರುವ ಹಾಗೆ, ಸ್ವಲ್ಪ ನೀರಿರುವ ಟಬ್ಬಿನಲ್ಲಿ ಒಂದಿಷ್ಟು ಹೊತ್ತು ಕೂರಿಸುವುದು. ಮೇಲೆ ಒಣ, ಕೆಳಗೆ ಹಸಿ. ಹಾಲಿನಲ್ಲಿ ಮಾಡಿದರೆ ಹರಕೆ ಬಯಲಾಗುತ್ತದೆಂದು ಬಚ್ಚಲಿನಲ್ಲಿ ಕದ್ದು ಮಾಡುತ್ತಿದ್ದೆವು. ಒಂದು ದಿನ ಜವರಮ್ಮ ಹೇಳದೆ ಕೇಳದೆ ಬಂದವಳೇ ಕಾಲು ತೊಳೆಯಲು ನೇರ ಬಚ್ಚಲಿಗೆ ಹೋದಳು. ಒಳಗಿಂದ ಕಿರುಚಿದಳು.

"ಅಕ್ಕಾ! ಗಿಡ ನೀರು ಕುಡೀತಾ ಅವೆ!"

"ಕುಡೀತಾ ಇಲ್ಲ ಕಣ್ಲೇ, ಕಾಲು ತೊಳ್ಕತಾ ಅವೆ!"

ಆಚೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. ನನ್ನ ಮುಖ ನೋಡಿದಳು, ಸವಿತಳ ಮುಖ ನೋಡಿದಳು. ಆಮೇಲೆ ಸೊಂಟದಿಂದ ಪೊಟ್ಟಣ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. "ಗಿಡ ಕಾಲು ತೊಳೀಬಹುದು ಅಂದ್ಮೇಲೆ ನೀನೂ ಒಂಚೂರು ಕೆನ್ನೇಲಿ ಮಡಿಕೋಬಹುದು. ತಗೋ. ಯಾರ್ಗೂ ಏಳಾಕಿಲ್ಲ."

ಜವರಮ್ಮ ಯಾರಿಗೂ ಹೇಳುವುದಿಲ್ಲ ಎಂದರೆ ಸಂತೆಯ ದಿನ ಎಲ್ಲರಿಗೂ ಗೊತ್ತಾಗುತ್ತದೆ ಎಂದರ್ಥ. ಗೊತ್ತಾದರೆ ಹರಕೆ ಸುಳ್ಳಾಗುತ್ತದೆ, ಚೊಂಬುಗಳೆಲ್ಲ ಮತ್ತೆ ಬಗ್ಗುತ್ತವೆ, ಶ್ರಾವಣಕ್ಕೆ ಇನ್ನು ಸ್ವಲ್ಪವೇ ದಿನ. ಆ ವಾಸನೆ ಮೂಗಿಗೆ ಹೊಡೆದು ನಾಲಿಗೆಯಲ್ಲಿ ನೀರೂರಿತು. ಸವಿತ ಬೇಡ ಎನ್ನಲಿಲ್ಲ. ಬಚ್ಚಲಿನ ಬಾಗಿಲಿಗೆ ಒರಗಿ ನಿಂತಿದ್ದಳು, ಅಂಗೈ ಉಜ್ಜಿಕೊಳ್ಳುತ್ತಾ.

"ತಗೊಂಡೋಗಿ ನಿನ್ ಗಂಡನ್ಗೆ ಕೊಡು. ನಾನು ಅಂಥ ಮಾತು ತಪ್ಪೋಳಲ್ಲ" ಅಂದೆ. ಹೇಳಿ ಗೋಡೆ ಕಡೆ ತಿರುಗಿದೆ. ಕಣ್ಣಲ್ಲಿ ನೀರು ಬಂದಿತ್ತು. ಕಡ್ಡಿಪುಡಿಯ ಆಸೆಗೇ ಬಂದದ್ದು, ಬೇರೆ ಏನಕ್ಕೂ ಅಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಹಳದಿ ಹಾಳೆಗಳು ಖಾಲಿ ಉಳಿಯತೊಡಗಿದವು. ಊರುಗೋಲಿನಿಂದ ತಟ್ಟಿದರೆ ಏನೂ ಏಳುತ್ತಿರಲಿಲ್ಲ. ಗಿಡ ಹೊಸ ಎಲೆ ಬಿಟ್ಟಿತ್ತು. ಶ್ರಾವಣದ ಒಂದು ಬೆಳಿಗ್ಗೆ ಕೆ.ಆರ್. ನಗರದ ಮೇಡಂ ಗೂಡ್ಸ್ ಆಟೋ ಜೊತೆ ತಾವೇ ಬಂದರು. ಕುಂಡ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಎಲೆಯ ಅಡಿಯನ್ನೂ ನೋಡಿದರು. ಸವಿತ ಮುಂದಿನ ಕುಂಡವನ್ನು ಕೈಯಲ್ಲಿ ಹಿಡಿದು ಕಾದಿದ್ದಳು. ರತ್ನಮ್ಮ ಬಾಗಿಲಲ್ಲಿ ನಿಂತಿದ್ದರು.

ಆಗ, ಅದೆಲ್ಲಿ ಅಡಗಿ ಕೂತಿತ್ತೋ ಮುಂಡೇದು, ಒಂದೇ ಒಂದು ಗುಂಗುರು ಮೇಡಂ ಕೈಯಲ್ಲಿದ್ದ ಕುಂಡದಿಂದ ಎದ್ದು ಓಲಾಡಿಕೊಂಡು ನನ್ನ ಕಡೆ ಬಂತು. ಸವಿತ ಕಂಡಳು. ನಾನೂ ಕಂಡೆ. ಮೇಡಂ ಇನ್ನೂ ಎಲೆ ನೋಡುತ್ತಿದ್ದರು.

"ಒಳ್ಳೇದಾಗ್ಲಿ ಕಣವ್ವಾ! ನಿನ್ ಮನೆ ಬೆಳಗ್ಲಿ!" ಎಂದು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದೆ.

ಸಿಕ್ಕಿತು. ಮೇಡಂಗೆ ಬಹಳ ಸಂತೋಷವಾಯಿತು. ಕುಂಡ ಕೆಳಗಿಟ್ಟು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಬಲಗೈ ಬಿಚ್ಚುವ ಹಾಗಿಲ್ಲ, ಎಡಗೈಯನ್ನೇ ತಲೆಯ ಮೇಲಿಟ್ಟೆ. "ಅಯ್ಯೋ, ಬಲಗೈಗೂ ಏಟಾಗಿತ್ತಾ ಅಜ್ಜಿ?" ಎಂದು ಕೇಳಿದರು. "ಹೂಂ ಕಣವ್ವ, ಬಿದ್ದಾಗ" ಅಂದೆ. ಸವಿತ ಅಡುಗೆಮನೆಗೆ ಓಡಿದಳು. ಒಳಗೆ ಪಾತ್ರೆ ಬಿದ್ದ ಸದ್ದು.

ಕುಂಡಗಳೆಲ್ಲ ಇಳಿದು ಹೋದವು. ಮೇಲಿನಿಂದ ಒಂದೊಂದಾಗಿ ಅವು ಮೆಟ್ಟಿಲಿಳಿಯುವುದನ್ನು ಕೇಳಿಸಿಕೊಂಡು ಮಂಚದಲ್ಲೇ ಕೂತಿದ್ದೆ. ಹಾಲು ಖಾಲಿಯಾಯಿತು. ಗೋಡೆಯ ಬುಡದಲ್ಲಿ ಕುಂಡಗಳ ದುಂಡು ಗುರುತು ಮಾತ್ರ. ಕಣ್ಣ ಮುಂದೆ ಏನೂ ಓಲಾಡದ ಮೇಲೆ ಆ ಕೋಣೆ ಇನ್ನೂ ಚಿಕ್ಕದಾಗಿ ಕಂಡಿತು. ಜೊತೆಗೆ ಸೆರೆಯಿದ್ದವರೆಲ್ಲ ಬಿಡುಗಡೆಯಾಗಿ, ನನ್ನೊಬ್ಬಳನ್ನೇ ಮರೆತು ಬೀಗ ಹಾಕಿದ ಹಾಗೆ. ಬ್ಯಾರನ್ನಿಂದ ಫೋನು ಬಂದಾಗ ಸವಿತ, "ಇಲ್ಲ ಕಣಕ್ಕ, ಈ ವರ್ಷ ಬರಾಕಿಲ್ಲ" ಎಂದು ಹೇಳಿದ್ದು ಮಾತ್ರ ಆ ಖಾಲಿ ಹಾಲಿನಲ್ಲಿ ಚೆನ್ನಾಗಿ ಕೇಳಿಸಿತು.

ಮಳೆ ಸ್ವಲ್ಪ ಬಿಟ್ಟ ಮೇಲೆ ಡಾಕ್ಟರು ಪ್ಲಾಸ್ಟರು ಬಿಚ್ಚಿದರು. ಇನ್ನೂ ಒಂದಷ್ಟು ದಿನ ಗೋಡೆ ಹಿಡಿದು ನಡೆದೆ. ಊರಿಗೆ ಹೊರಟ ದಿನ, ಹೊತ್ತು ಇಳಿಸುತ್ತೀನಿ ಎಂದು ಮಾದೇವ ಕುರ್ಚಿ ತಂದರೆ ನಾನು ಕೂರಲಿಲ್ಲ. ನನ್ನ ಕಾಲಲ್ಲೇ ಇಳಿಯುತ್ತೇನೆ ಅಂದೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಸವಿತಳ ಭುಜದ ಮೇಲೆ. ಪಾಚಿಯನ್ನೆಲ್ಲ ಅವಳು ಹಿಂದಿನ ದಿನವೇ ಉಜ್ಜಿ ತೆಗೆದಿದ್ದಳು. ಅರ್ಧ ಮೆಟ್ಟಿಲು ಇಳಿದು ನಿಂತೆ. ಆಕಾಶ ಪೂರ್ತಿ ಕಂಡಿತು. ಬಾಯಿ ಸುಮ್ಮನಿರಬೇಕಲ್ಲ.

"ಗುಂಗ್ರೂ ಓದ್ವು, ನಾನೂ ಓಯ್ತಾ ಇವ್ನಿ. ಇನ್ನ ನಿಂಗೆ ನೆಮ್ಮದಿ ಕಣವ್ವ" ಅಂದೆ.

ಸವಿತ ನನ್ನ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ಗುಂಗ್ರು ನೀರು ನಿಲ್ಸಿದ್ದಕ್ಕೇ ಓದ್ವು. ನಿಮ್ಗೆ ಕಡ್ಡಿಪುಡೀನೇ ನಿಲ್ಸಿದ್ರೂ ಜಪ್ಪಯ್ಯ ಅನ್ನದೆ ಇಲ್ಲೇ ಇದ್ರಲ್ಲ ಅತ್ತೆ! ಈಗ ಬಾಯಿ ಮುಚ್ಕೊಂಡು ಮೆಟ್ಲು ನೋಡ್ಕೊಂಡು ಇಳೀರಿ. ಇನ್ನೊಂದ್ ಸಲ ಮುರ್ಕೊಂಡ್ರೆ ತಿರ್ಗಾ ಇಲ್ಲಿಗೇ ಬರ್ಬೇಕಾಯ್ತದೆ!"